ನಿಮ್ಮವರು ಜೈಲಿನಲ್ಲಿದ್ದಾರೆ, ಮನಸ್ಸು ಕುಗ್ಗಿದೆ: ಮನೆಯವರು ಮಾಡಬೇಕಾದ್ದು, ಜೈಲು ಹೊರಬೇಕಾದ್ದು

ಇಂಡಿ ಕಡೆಯಿಂದ ಬಂದ ಕಾಕಾ ಒಬ್ಬರು ಜೈಲಿನ ಗೇಟಿನೆದುರು ಚಹಾದಂಗಡಿಯ ಪಕ್ಕ ಕೂತಿದ್ದರು. ಕೈಯಲ್ಲಿ ಔಷಧಿ ಅಂಗಡಿಯ ಕವರ್. ಅದರೊಳಗೆ ಎರಡು ಸ್ಟ್ರಿಪ್ ಮಾತ್ರೆ, ನಾಲ್ಕಾಗಿ ಮಡಚಿದ ಡಾಕ್ಟರ ಚೀಟಿ. "ಹುಡುಗ ಈ ಗುಳಿಗಿ ಇಲ್ಲದ ಮಲಗಂಗಿಲ್ರಿ ಸರ, ಒಳಗ ತಗೋವಲ್ರು" ಅಂದರು. ಬೆಳಿಗ್ಗೆ ಏಳರಿಂದ ಮೂರು ಸಲ ಗೇಟಿಗೆ ಹೋಗಿ ಬಂದಿದ್ದರಂತೆ. ಮೂರು ಸಲವೂ ಕಾವಲಿನವನು "ಬಾಹೇರ್ಚಂ ಔಷಧ್ ಚಾಲತ್ ನಾಹಿ", ಹೊರಗಿನ ಔಷಧಿ ನಡೆಯಲ್ಲ, ಅಂದಿದ್ದ. ಕಾಕಾ ಯಾರಿಗೆ ಏನು ಹೇಳಿದರು ಅನ್ನೋದಕ್ಕೆ ಎಲ್ಲೂ ಒಂದಕ್ಷರ ಇರಲಿಲ್ಲ.

ನಾನು ಡೊಂಬಿವಲಿಯವನು. ವಕೀಲನಲ್ಲ. ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ ಕೆಲವು ವರ್ಷ ಓಡಾಡಿದ್ದೇನೆ. ಆರ್ಥರ್ ರೋಡ್, ತಳೋಜಾ, ಥಾಣೆ, ಯರವಡಾ, ಗೋವಾದ ಕೋಲ್ವಾಳ, ಯಾವ ಜೈಲಿನ ಗೇಟಿಗೆ ಹೋದರೂ ಕನ್ನಡದವರು ಒಬ್ಬರಾದರೂ ಸಿಗುತ್ತಾರೆ. ಹೋಟೆಲ್ ಹುಡುಗನ ಅಣ್ಣ, ಸೆಂಟ್ರಿಂಗ್ ಕೆಲಸದವನ ಹೆಂಡತಿ, ವಾಸ್ಕೋದ ಝುವಾರಿನಗರದಿಂದ ಬಂದ ತಾಯಿ. ಎಲ್ಲರದ್ದೂ ಒಂದೇ ಗಾಬರಿ: "ಒಳಗೆ ಏನಾದರೂ ಮಾಡ್ಕೊಂಡುಬಿಟ್ರೆ?"

ಈ ಗಾಬರಿ ಸುಮ್ನೆ ಅಲ್ಲ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಲೆಕ್ಕದಲ್ಲಿ 2022ರಲ್ಲಿ ದೇಶದ ಜೈಲುಗಳಲ್ಲಿ 159 ಅಸಹಜ ಸಾವುಗಳಾಗಿವೆ. ಅದರಲ್ಲಿ 119 ಆತ್ಮಹತ್ಯೆ. ಅಂದರೆ ನಾಲ್ಕರಲ್ಲಿ ಮೂರು. ಆ ವರ್ಷ ಜೈಲಿನಲ್ಲಿದ್ದವರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಜಾಸ್ತಿ ಜನ ವಿಚಾರಣಾಧೀನರು, ಇಲ್ಲಿನ ಮಾತಿನಲ್ಲಿ ಕಚ್ಚಾ ಕೈದಿಗಳು. ತಪ್ಪು ಸಾಬೀತಾಗದವರು.

ಮುಂದಿನದನ್ನು ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ. ಜೈಲಿನಲ್ಲಿ ಒಬ್ಬರು ಜೀವ ಕಳಕೊಂಡಾಗ ಕೋರ್ಟು ಮೊದಲು ಕೇಳುವುದು: "ಜೈಲಿನವರಿಗೆ ಗೊತ್ತಿತ್ತಾ? ಗೊತ್ತಾಗಬೇಕಿತ್ತಾ? ಗೊತ್ತಾದ ಮೇಲೆ ಏನು ಮಾಡಿದರು?" ಆದ್ದರಿಂದ ಮನೆಯವರ ಕೆಲಸ, ಅವರಿಗೆ ಗೊತ್ತಾಗುವ ಹಾಗೆ ಮಾಡುವುದು, ಅದೂ ಕಾಗದದ ಮೇಲೆ. ಆ ಕಾಗದ ನಾಳೆ ಕೇಸಿಗೆ ಸಾಕ್ಷಿ ಆಗಬಹುದು. ಆದರೆ ಅದಕ್ಕೂ ಮೊದಲು ಅದು ಜೀವ ಉಳಿಸುತ್ತದೆ. "ಇವನಿಗೆ ಅಪಾಯ ಇದೆ" ಅಂತ ತನ್ನ ಫೈಲಿನಲ್ಲಿ ಬರಹ ಇದ್ದಾಗ ಯಾವ ಅಧಿಕಾರಿಯೂ ಆರಾಮಾಗಿ ನಿದ್ದೆ ಮಾಡುವುದಿಲ್ಲ.

ಮೊದಲ ದಿನ, ಪೊಲೀಸ್ ಠಾಣೆಯಲ್ಲಿ

ಬಂಧನದ ಮೊದಲ ಕೆಲವು ಗಂಟೆ, ಕೆಲವು ದಿನ ಎಲ್ಲಕ್ಕಿಂತ ಅಪಾಯದವು. ವಿಶ್ವ ಆರೋಗ್ಯ ಸಂಸ್ಥೆ ಜೈಲು ಆತ್ಮಹತ್ಯೆ ತಡೆಯುವ ಬಗ್ಗೆ 2007ರಲ್ಲಿ ತಂದ ಕೈಪಿಡಿಯೂ ಇದನ್ನೇ ಹೇಳುತ್ತದೆ. ನಾಚಿಕೆ, ಹೆದರಿಕೆ, ನಿದ್ದೆಯಿಲ್ಲದ ರಾತ್ರಿ, ಜೊತೆಗೆ ಕುಡಿತ ಒಮ್ಮೆಲೇ ನಿಂತಿರುತ್ತದೆ.

ಕುಡಿತದ ವಿಷಯ ಮುಚ್ಚಿಡಬೇಡಿ. ದಿನಾ ಕುಡಿಯುವವರಿಗೆ ಅದು ತಟ್ಟನೆ ನಿಂತರೆ ಮೊದಲ ದಿನವೇ ಕೈ ನಡುಗಬಹುದು, ಬೆವರಬಹುದು. ಮೊದಲ ಎರಡು ಮೂರು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಆ ಸ್ಥಿತಿಯಲ್ಲಿ ಏನು ಮಾಡಿಕೊಳ್ಳುತ್ತಾರೋ ಅವರಿಗೇ ತಿಳಿಯುವುದಿಲ್ಲ. ಇದು ಆಸ್ಪತ್ರೆಯಲ್ಲಿ ನೋಡಬೇಕಾದ ಕಾಯಿಲೆ. "ಹುಡುಗ ಒಳ್ಳೆಯವ್ನು, ಕುಡಿಯೋದಿಲ್ಲ" ಅಂತ ಮಾನಕ್ಕಾಗಿ ಹೇಳಿಬಿಟ್ಟರೆ ಡಾಕ್ಟರಿಗೂ ದಾರಿ ತಪ್ಪುತ್ತದೆ.

ಠಾಣೆಯಲ್ಲಿ ನಿಮ್ಮ ಕೈಗೆ ಬರುವ ಕಾನೂನು ಇಷ್ಟು. ಬಂಧಿಸಿದ ವಿಷಯ ಮನೆಯವರಿಗೆ ತಿಳಿಸಬೇಕು: ಬಿಎನ್‌ಎಸ್‌ಎಸ್ (ಹಳೆ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 48ನೇ ಕಲಂ. ಬಂಧನವಾದ ಕೂಡಲೇ ವೈದ್ಯರಿಂದ ತಪಾಸಣೆ ಮಾಡಿಸಿ, ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು: 53ನೇ ಕಲಂ. ಯಾರ ವಶದಲ್ಲಿದ್ದಾನೋ ಅವರೇ ಅವನ ಆರೋಗ್ಯ, ಸುರಕ್ಷತೆ ನೋಡಿಕೊಳ್ಳಬೇಕು: 56ನೇ ಕಲಂ. ಮೂರನೆಯದನ್ನು ಬಾಯಿಪಾಠ ಮಾಡಿಕೊಳ್ಳಿ. ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನ ಪ್ರಕಾರ ಪೊಲೀಸ್ ವಶದಲ್ಲಿರುವಷ್ಟು ದಿನ ಪ್ರತಿ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆಯೂ ಆಗಬೇಕು.

ರಿಮ್ಯಾಂಡ್ ದಿನ: ರೋಜ್‌ನಾಮಾದಲ್ಲಿ (ಕೋರ್ಟಿನ ದಿನದ ದಾಖಲೆಯಲ್ಲಿ) ಬರೆಸಿ

ಮ್ಯಾಜಿಸ್ಟ್ರೇಟ್ ಎದುರು ತಂದಾಗ ಜನ ಜಾಮೀನಿನ ಬಗ್ಗೆ ಮಾತ್ರ ಯೋಚಿಸುತ್ತಾರೆ. ಜಾಮೀನು ಅವತ್ತೇ ಸಿಗದೆ ಇರಬಹುದು. ಆದರೆ ಎರಡು ವಾಕ್ಯ ಅವತ್ತೇ ಸಿಗಬಹುದು. ವಕೀಲರಿಗೆ ಹೇಳಿ, ಸಣ್ಣ ಅರ್ಜಿ ಹಾಕಿಸಿ: ಆರೋಪಿಗೆ ಇಂಥ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದೆ, ಹಿಂದೆ ಆತ್ಮಹತ್ಯೆಗೆ ಯತ್ನಿಸಿದ್ದಾನೆ, ಮನೋವೈದ್ಯರಿಗೆ ತೋರಿಸಿ ಔಷಧಿ ಮುಂದುವರಿಸಲು ಜೈಲಿಗೆ ಆದೇಶ ಕೊಡಿ. ಅದು ರೋಜ್‌ನಾಮಾದಲ್ಲಿ ಬಂತು ಅಂದರೆ ಜೈಲಿಗೆ ಹೋಗುವ ವಾರಂಟಿನ ಜೊತೆ ಆದೇಶವೂ ಹೋಗುವ ಹಾಗೆ ಬೆನ್ನು ಹತ್ತಿ. ಕ್ಲರ್ಕ್ ಟೇಬಲ್ಲಿನಲ್ಲೇ ಉಳಿದ ಆದೇಶಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹಾಗಿದೆ. 15100ಕ್ಕೆ ಫೋನ್ ಮಾಡಿ.

ಜೈಲಿಗೆ ಬರೆಯುವ ಕಾಗದ

ಇದೇ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಕಾಗದ ಇಬ್ಬರ ಹೆಸರಿಗೆ: ಜೈಲಿನ ಅಧೀಕ್ಷಕರಿಗೆ ಮತ್ತು ಜೈಲಿನ ವೈದ್ಯಾಧಿಕಾರಿಗೆ. ಮಹಾರಾಷ್ಟ್ರದಲ್ಲಿ ಮರಾಠಿ ಅಥವಾ ಇಂಗ್ಲಿಷಿನಲ್ಲಿ, ಗೋವಾದಲ್ಲಿ ಇಂಗ್ಲಿಷಿನಲ್ಲಿ ಬರೆಸಿ. ಕನ್ನಡದಲ್ಲಿ ಬರೆದರೆ ಓದುವವರು ಸಿಗುವವರೆಗೆ ಅದು ಟ್ರೇಯಲ್ಲಿ ಮಲಗಿರುತ್ತದೆ. ಹತ್ತಿರದ ಕನ್ನಡ ಸಂಘದಲ್ಲಿ ಮರಾಠಿ ಚೆನ್ನಾಗಿ ಬರೆಯುವವರು ಒಬ್ಬರಾದರೂ ಇರುತ್ತಾರೆ, ಕೇಳಿ. ನಾಚಿಕೆ ಆದರೆ ಕೈದಿಯ ಹೆಸರು ಹೇಳದೆ ವಿಷಯ ಹೇಳಿ ಬರೆಸಿಕೊಂಡು, ಹೆಸರನ್ನು ನೀವೇ ತುಂಬಿ.

ಒಂದು ಮಾತು ಜೋಪಾನ. ಕಾಕಾ ಬರೆಸಿದ ಮೊದಲ ಕಾಗದದಲ್ಲಿ "ತ್ಯಾಚ್ಯಾ ಜಿವಾಲಾ ಧೋಕಾ ಆಹೇ" ಅಂತ ಇತ್ತು. ಅವನ ಜೀವಕ್ಕೆ ಅಪಾಯ ಇದೆ, ನಿಜ. ಆದರೆ ಜೈಲಿನಲ್ಲಿ ಆ ಮಾತಿಗೆ ಅರ್ಥ ಬೇರೆ. ಬೇರೆ ಕೈದಿಗಳಿಂದ ಅಪಾಯ ಅಂತ ತಿಳಿದು, ಎಲ್ಲರಿಂದ ದೂರ ಮಾಡಿ ಒಂಟಿ ಕೋಣೆಗೆ ಹಾಕಬಹುದು. ಮನಸ್ಸು ಕುಗ್ಗಿದವನಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ನೇರವಾಗಿ ಬರೆಯಿರಿ: "ಆತ್ಮಹತ್ಯೇಚಾ ಧೋಕಾ ಆಹೇ." ಆ ಪದ ಬರೆಯಲು ಕೈ ಬರುವುದಿಲ್ಲ, ಗೊತ್ತು. ಕಾಕಾ ಪೆನ್ನು ಕೆಳಗಿಟ್ಟು "ಅಪಶಕುನ ಆಕೈತಿ" ಅಂದಿದ್ದರು. ಆದರೂ ಬರೆಯಿರಿ.

ಕಾಗದದಲ್ಲಿ ಇರಬೇಕಾದ್ದು:

- ಕೈದಿಯ ಪೂರ್ತಿ ಹೆಸರು, ಅಪ್ಪನ ಹೆಸರು, ಠಾಣೆ, ಕೇಸ್ ನಂಬರ್, ಗೊತ್ತಿದ್ದರೆ ಕೈದಿ ನಂಬರ್.
- ಯಾವ ಕಾಯಿಲೆ, ಎಷ್ಟು ವರ್ಷದಿಂದ, ಯಾವ ಆಸ್ಪತ್ರೆ, ಮಾತ್ರೆಯ ಹೆಸರು, ಎಷ್ಟು ಹೊತ್ತಿಗೆ ಎಷ್ಟು, ಕೊನೆಯ ಸಲ ತಗೊಂಡ ದಿನ.
- ಹಿಂದೆ ಯಾವಾಗಾದರೂ ಯತ್ನಿಸಿದ್ದರೆ ಯಾವ ವರ್ಷ, ಆಗ ಏನು ಕಾರಣ. ಮನೆಯಲ್ಲಿ ಬೇರೆ ಯಾರಾದರೂ ಹಾಗೆ ತೀರಿಕೊಂಡಿದ್ದರೆ ಅದೂ.
- ಕುಡಿತ, ಬೇರೆ ನಶೆ.
- ಈಗ ಕಂಡದ್ದು, ಅವನದೇ ಮಾತಿನಲ್ಲಿ. "ಬೇಜಾರಾಗಿದ್ದಾನೆ" ಅಂತ ಬರೆದರೆ ಯಾರೂ ಕದಲುವುದಿಲ್ಲ. "ಇಂಥ ತಾರೀಖಿನ ಮುಲಾಖತ್‌ನಲ್ಲಿ (ಜೈಲಿನ ಭೇಟಿಯಲ್ಲಿ) ಮಕ್ಕಳನ್ನು ನೀನೇ ನೋಡ್ಕೋ, ಇನ್ನು ನನ್ನ ನೋಡೋಕೆ ಬರಬೇಡ ಅಂದ" ಅಂತ ಬರೆಯಿರಿ.
- ಅವನಿಗೆ ಬರುವ ಭಾಷೆ.

ಭಾಷೆಯ ಸಾಲನ್ನು ನಾನು ಕಲಿತದ್ದು ಒಂದು ಕೆಟ್ಟ ಅನುಭವದಿಂದ. ಒಂದು ಜೈಲಿನಲ್ಲಿ, ಹೆಸರು ಬೇಡ, ಹೊಸದಾಗಿ ಬಂದ ಕೈದಿಗೆ ಆರೋಗ್ಯದ ಫಾರ್ಮ್ ತುಂಬುತ್ತಿದ್ದರು. ಬಾಗಲಕೋಟೆ ಕಡೆಯ ಹುಡುಗ, ಮುಂಬೈಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಮರಾಠಿಯಲ್ಲಿ ಒಂದೇ ಉಸಿರಿಗೆ ಹತ್ತು ಪ್ರಶ್ನೆ. ಸಕ್ಕರೆ ಕಾಯಿಲೆ? ಟಿಬಿ? ಆತ್ಮಹತ್ಯೆಯ ಯೋಚನೆ? ಹುಡುಗ ಎಲ್ಲದಕ್ಕೂ "ನಾಯ್ ಸಾಬ್" ಅಂದ. ಎಲ್ಲದರ ಮುಂದೆಯೂ "ನಾಹಿ" ಅಂತ ಟಿಕ್ ಬಿತ್ತು. ಆಮೇಲೆ ನಾನು ಕನ್ನಡದಲ್ಲಿ ಕೇಳಿದಾಗ, ಆ ಪ್ರಶ್ನೆ ಏನಂತಲೇ ತನಗೆ ತಿಳಿಯಲಿಲ್ಲ ಅಂದ. ನಿದ್ದೆ ಬಂದು ಆರು ದಿನ ಆಗಿತ್ತಂತೆ. ಹಾಗಾಗಿ ಕಾಗದದಲ್ಲಿ ಸ್ಪಷ್ಟವಾಗಿ ಕೇಳಿ: ಕನ್ನಡ ಬಲ್ಲವರ ಮೂಲಕ ಮತ್ತೊಮ್ಮೆ ತಪಾಸಣೆ ಮಾಡಿ. ಒಂಟಿ ಕೋಣೆಯಲ್ಲಿ ಇಡಬೇಡಿ, ಕನ್ನಡದವರಿರುವ ಬರಾಕಿನಲ್ಲಿ ಇಡಿ. ಮಾತಾಡಲು ಒಬ್ಬರು ಸಿಕ್ಕರೆ ಅದೇ ಅರ್ಧ ಔಷಧಿ.

ಈಗ ಪೋಚ್. ಮಹಾರಾಷ್ಟ್ರದ ಸರ್ಕಾರಿ ಕಚೇರಿಗಳಲ್ಲಿ ಓಡಾಡಿದವರಿಗೆ ಗೊತ್ತು, ಬರುವ, ಹೋಗುವ ಕಾಗದ ದಾಖಲಿಸುವ ಆವಕ್-ಜಾವಕ್ ಟೇಬಲ್ ಅಂತ ಒಂದು ಇರುತ್ತದೆ. ಕಾಗದದ ಎರಡು ಪ್ರತಿ ಒಯ್ಯಿರಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸಿಕ್ಕಾ (ಸೀಲು), ತಾರೀಖು, ಆವಕ್ ನಂಬರ್ ಹಾಕಿಸಿಕೊಳ್ಳಿ. ಅದೇ ಪೋಚ್. ಕೊಡಲ್ಲ ಅಂದರೆ ಜಗಳ ಆಡಬೇಡಿ. ಅವತ್ತೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಜೈಲಿನ ಇಮೇಲ್ ಇದ್ದರೆ ಅದಕ್ಕೂ ಹಾಕಿ. ಪೋಸ್ಟಿನ ರಸೀದಿಯೂ ಪೋಚೇ. ಒಂದು ಪ್ರತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ, ಇನ್ನೊಂದು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ.

ಮಂಡಳಿಗೆ ಯಾಕೆ ಅಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಮಿನಲ್ಲಿ ಒಂದು ಮಜಾ ಇದೆ. ತನ್ನ ಜೈಲಿನಲ್ಲಿ ಮಾನಸಿಕ ಕಾಯಿಲೆಯ ಕೈದಿಗಳು ಯಾರೂ ಇಲ್ಲ ಅಂತ ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಂಡಳಿಗೆ ಬರೆದುಕೊಡಬೇಕು. ಕಾಯಿಲೆ ಇರುವವನನ್ನು ಚಿಕಿತ್ಸೆಗೆ ಕಳಿಸದೆ ಜೈಲಿನಲ್ಲೇ ಯಾಕೆ ಇಟ್ಟಿರಿ ಅಂತ ಮಂಡಳಿ ಕೇಳಬಹುದು. ಈಗ ಯೋಚಿಸಿ: ಒಂದು ಕಡೆ "ಯಾರೂ ಇಲ್ಲ" ಅನ್ನುವ ವರದಿ, ಇನ್ನೊಂದು ಕಡೆ ಸಿಕ್ಕಾ ಬಿದ್ದ ನಿಮ್ಮ ಕಾಗದ. ಡಾಕ್ಟರು ಸಹಿ ಹಾಕುವ ಮುಂಚೆ ಒಮ್ಮೆ ನಿಮ್ಮವರನ್ನು ಕರೆದು ನೋಡುತ್ತಾರೆ, ಅಲ್ವಾ?

ಅದೇ ಕಲಂ, ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕು ಅನ್ನುತ್ತದೆ. ಜೈಲಿನಲ್ಲಿ ಆಗದಿದ್ದರೆ ಹೊರಗೆ ಕಳಿಸಬಹುದು. ಈ ಭಾಗದಲ್ಲಿ ಥಾಣೆ ಮತ್ತು ಯರವಡಾದ ಸರ್ಕಾರಿ ಮನೋರೋಗ ಆಸ್ಪತ್ರೆಗಳಿವೆ. ಗೋವಾದಲ್ಲಿ ಬಾಂಬೋಳಿಯ ಐಪಿಎಚ್‌ಬಿ ಮನೋರೋಗ ಆಸ್ಪತ್ರೆ ಇದೆ.

ಇದೆಲ್ಲ ಹೊಸ ಕಾಲದ ನಯ ಅಂತ ಯಾರಾದರೂ ಅಂದರೆ, ಬ್ರಿಟಿಷರ ಕಾಲದ 1894ರ ಜೈಲು ಕಾಯ್ದೆ ತೋರಿಸಿ. ಜೈಲಿನ ರೀತಿ ರಿವಾಜಿನಿಂದ ಕೈದಿಯ ಮನಸ್ಸು ಕೆಡುತ್ತಿದೆ ಅನ್ನಿಸಿದರೆ ವೈದ್ಯಾಧಿಕಾರಿ ಅಧೀಕ್ಷಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು ಅಂತ ಅದರ 14ನೇ ಕಲಮಿನಲ್ಲೇ ಇದೆ. ಒಂಟಿ ಕೋಣೆಯಲ್ಲಿ 24 ಗಂಟೆಗಿಂತ ಜಾಸ್ತಿ ಇಟ್ಟವರನ್ನು ವೈದ್ಯಾಧಿಕಾರಿಯೋ ಅವರ ಕೈಕೆಳಗಿನವರೋ ದಿನಕ್ಕೊಮ್ಮೆಯಾದರೂ ನೋಡಬೇಕು ಅಂತಲೂ ಇದೆ. ನೂರಾ ಮೂವತ್ತು ವರ್ಷದ ಹಿಂದಿನ ಮಾತು ಇದು.

ಮುಲಾಖತ್: ಏನು ನೋಡಬೇಕು, ಏನು ಕೇಳಬೇಕು

ಗಾಜಿನ ಆಚೆ ಅವರು, ಈಚೆ ನೀವು, ನಡುವೆ ಗರಗರ ಅನ್ನುವ ಫೋನು. ಸಿಗುವುದು ಕೆಲವೇ ನಿಮಿಷ. ಅದರಲ್ಲಿ ಅರ್ಧ ವಕೀಲರ ಫೀಸಿನ ಮಾತಲ್ಲೇ ಹೋಗುತ್ತದೆ. ಅದನ್ನು ವಕೀಲರ ಜೊತೆ ಮಾತಾಡಿಕೊಳ್ಳಿ. ಮುಲಾಖತ್‌ನಲ್ಲಿ ಮುಖ ನೋಡಿ. ಸ್ನಾನ ಮಾಡಿದ್ದಾನಾ, ತೂಕ ಇಳಿದಿದೆಯಾ, ಮಣಿಕಟ್ಟು ಮುಚ್ಚಿಕೊಂಡಿದ್ದಾನಾ. ಕ್ಯಾಂಟೀನಿನ ದುಡ್ಡು ಬೇಡ ಅಂತಾನಾ, ಸಾಮಾನನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಟ್ಟನಾ. ವಾರಗಟ್ಟಲೆ ಅಳುತ್ತಿದ್ದವನು ಒಮ್ಮೆಲೇ ಶಾಂತನಾಗಿದ್ದರೆ ಸಮಾಧಾನ ಪಡಬೇಡಿ, ಅವತ್ತೇ ಕಾಗದ ಬರೆಯಿರಿ.

ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯೋ ಯೋಚನೆ ಬರ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳುವವರೊಬ್ಬರು ಸಿಕ್ಕರು ಅಂತ ಎದೆ ಹಗುರಾಗುತ್ತದೆ. ಹೌದು ಅಂದರೆ ಬೈಯಬೇಡಿ, ಮಕ್ಕಳ ಆಣೆ ಹಾಕಿಸಬೇಡಿ. "ಒಬ್ಬನೇ ಇರಬೇಡ, ನಾನು ಈಗಲೇ ಡಾಕ್ಟರಿಗೆ ಹೇಳ್ತೀನಿ" ಅನ್ನಿ. ಹೊರಗೆ ಬಂದವರೇ ಡ್ಯೂಟಿಯಲ್ಲಿರುವ ಜೈಲರ್‌ಗೆ ಹೇಳಿ, ಬರೆದೂ ಕೊಡಿ. ಬರೆದ ಹೊತ್ತನ್ನೂ ಹಾಕಿ: ಬೆಳಿಗ್ಗೆ 11.40 ಅಂತ.

ಮುಲಾಖತ್‌ನಲ್ಲಿ ಕನ್ನಡ ಮಾತಾಡಿದರೆ ಕೆಲವು ಕಡೆ "ಹಿಂದೀ ಮೇ ಬೋಲೋ" ಅಂತ ಗದರುತ್ತಾರೆ, ತಮಗೆ ತಿಳಿಯಲಿ ಅಂತ. ನಮ್ಮ ಮನೆಯ ಮಾತು ಇದೇ ಅಂತ ವಿನಯದಿಂದ ಹೇಳಿ. ಅವ್ವನ ಹತ್ತಿರ ಯಾರು ಹಿಂದಿಯಲ್ಲಿ ಅಳುತ್ತಾರೆ?

ಕೆಟ್ಟ ಸುದ್ದಿಯ ವಿಷಯದಲ್ಲಿ ಹುಷಾರು. ಮನೆಯಲ್ಲಿ ಸಾವು, ಹೆಂಡತಿ ತವರಿಗೆ ಹೋದದ್ದು, ಜಾಮೀನು ತಿರಸ್ಕಾರ, ಶಿಕ್ಷೆಯ ತೀರ್ಪು: ಇವುಗಳ ನಂತರದ ದಿನಗಳು ಬಹಳ ಸೂಕ್ಷ್ಮ. ಸುದ್ದಿ ಮುಚ್ಚಿಡಿ ಅನ್ನುತ್ತಿಲ್ಲ, ಹೇಗೂ ತಿಳಿದೇ ತಿಳಿಯುತ್ತದೆ. ಹೇಳುವ ಮುಂಚೆ ಜೈಲಿನ ಕೌನ್ಸಿಲರ್ ಅಥವಾ ವೈದ್ಯರಿಗೆ ತಿಳಿಸಿ, ಆ ರಾತ್ರಿ ಕಣ್ಣಿಡಲು ಕೇಳಿ. ಊರಿನಿಂದ ಬರಲಾಗದವರು ಇ-ಮುಲಾಖತ್‌ನಲ್ಲಿ ವಿಡಿಯೊ ಭೇಟಿ ಬುಕ್ ಮಾಡಬಹುದು. ನಿಮ್ಮ ಮನಸ್ಸೇ ಕುಸಿಯುತ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ.

ಜಾಮೀನೂ ಒಂದು ಚಿಕಿತ್ಸೆ

ಬಿಎನ್‌ಎಸ್‌ಎಸ್ 480ನೇ ಕಲಂ ಕಾಯಿಲೆಯವರಿಗೆ ಜಾಮೀನು ಕೊಡಲು ಕೋರ್ಟಿಗೆ ದಾರಿ ಬಿಟ್ಟಿದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಅಂತ ವಾದಿಸಲು ವಕೀಲರಿಗೆ ಹೇಳಿ, ಹಳೆ ಚೀಟಿಗಳನ್ನೆಲ್ಲ ಕೊಡಿ. 479ನೇ ಕಲಂ ಪ್ರಕಾರ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಜಾಮೀನಿಗೆ ಅರ್ಹರು. ಜೀವಾವಧಿ, ಮರಣದಂಡನೆಯ ಕೇಸುಗಳಿಗೆ ಇದು ಇಲ್ಲ. ಬೇರೆ ಕೇಸುಗಳೂ ಬಾಕಿ ಇದ್ದರೆ ಇಲ್ಲ.

ನಮ್ಮವರ ನಿಜವಾದ ತೊಂದರೆ ಜಾಮೀನು ಸಿಕ್ಕ ಮೇಲೆ ಶುರುವಾಗುತ್ತದೆ. ಲೋಕಲ್ ಜಾಮೀನುದಾರ ಬೇಕು, ಇಲ್ಲಿನ ರೇಷನ್ ಕಾರ್ಡ್ ಬೇಕು. ಕಲಬುರಗಿಯಿಂದ ಬಂದ ಗಾರೆ ಕೆಲಸದವನಿಗೆ ಪುಣೆಯಲ್ಲಿ ಯಾರಿದ್ದಾರೆ? ಆದೇಶ ಆಗಿಯೂ ತಿಂಗಳುಗಟ್ಟಲೆ ಒಳಗೇ ಕೂತವರಿದ್ದಾರೆ. ಬಾಗಿಲು ತೆಗೆದಿದೆ, ಹೊರಗೆ ಬರಲಾಗುತ್ತಿಲ್ಲ ಅನ್ನೋ ಸ್ಥಿತಿ ಮನುಷ್ಯನನ್ನು ಮುರಿದು ಹಾಕುತ್ತದೆ. ಲೋಕಲ್ ಜಾಮೀನುದಾರನೇ ಬೇಕು ಅಂತ ಷರತ್ತು ಹಾಕಬೇಡಿ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಕೆಳ ಕೋರ್ಟುಗಳಿಗೆ ಸಲಹೆ ಕೊಟ್ಟಿದೆ. ಅದನ್ನು ತೋರಿಸಿ ನಗದು ಜಾಮೀನು ಕೇಳಿ. ದುಡ್ಡಿಲ್ಲದಿದ್ದರೆ ಬಡ ಕೈದಿಗಳಿಗಾಗಿ ಕೇಂದ್ರದ ಯೋಜನೆ ಇದೆ, ವಿಚಾರಣಾಧೀನರ ಜಾಮೀನಿನ ಹಣಕ್ಕೆ ನೆರವು ಸಿಗುತ್ತದೆ. ಅದೂ ಕಾನೂನು ಸೇವಾ ಪ್ರಾಧಿಕಾರದ ಮೂಲಕವೇ.

ಯತ್ನಿಸಿ ಬದುಕಿದರೆ

ಕೆಲವರು "ಈಗ ಇನ್ನೊಂದು ಕೇಸ್ ಬೀಳುತ್ತೆ" ಅಂತ ಹೆದರಿಸುತ್ತಾರೆ. ಹೆದರಬೇಡಿ. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ತಿಳಿಯುತ್ತದೆ. ಆರೈಕೆ, ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ ಅಂತಲೂ ಹೇಳುತ್ತದೆ. ಹಳೆ ಐಪಿಸಿಯ 309ನೇ ಕಲಂ 2024ರ ಜುಲೈ 1ರಿಂದ ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹಾಕಲು ಆತ್ಮಹತ್ಯೆಗೆ ಯತ್ನಿಸಿದರೆ ಅನ್ನುವ, ಐಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ನ 226ನೇ ಕಲಂ ಮಾತ್ರ ಉಳಿದಿದೆ. ಜೈಲಿನಲ್ಲಿ ಅದನ್ನು ಹಚ್ಚಲು ನೋಡಬಹುದು, ವಕೀಲರು ಎಚ್ಚರ ಇರಲಿ.

ಆಸ್ಪತ್ರೆಯ ಕಾಗದದ ಪ್ರತಿ ಪಡೆಯಿರಿ. ವಾಪಸ್ ಬರಾಕಿಗೆ ಕಳಿಸುವ ಮುಂಚೆ ಮನೋವೈದ್ಯರು ನೋಡಿದ್ದಾರಾ ಅಂತ ಬರವಣಿಗೆಯಲ್ಲಿ ಕೇಳಿ. ಒಮ್ಮೆ ಯತ್ನಿಸಿದವರಿಗೆ ಮತ್ತೆ ಅಪಾಯ ಜಾಸ್ತಿ. ಇನ್ನು ಮೇಲೆ "ನಮಗೆ ಗೊತ್ತಿರಲಿಲ್ಲ" ಅನ್ನುವ ಮಾತಿಗೆ ಜಾಗವಿಲ್ಲ.

ಜೀವವೇ ಹೋದರೆ

ಈ ಭಾಗ ನಿಮಗೆ ಬೇಕಾಗದಿರಲಿ. ಬೇಕಾದರೆ ಮೊದಲ ಎರಡು ದಿನವೇ ಎಲ್ಲ.

ಕಸ್ಟಡಿ ಸಾವಿನಲ್ಲಿ ಪೊಲೀಸರ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ: ಬಿಎನ್‌ಎಸ್‌ಎಸ್ 196. ಸಾಧ್ಯವಾದ ಮಟ್ಟಿಗೆ ಅಪ್ಪ ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ತಿಳಿಸಿ, ವಿಚಾರಣೆಯಲ್ಲಿ ಇರಲು ಬಿಡಬೇಕು. "ನಾವು ಬರುತ್ತೇವೆ, ನಮ್ಮ ಹೇಳಿಕೆ ತಗೊಳ್ಳಿ" ಅಂತ ಅವತ್ತೇ ಬರೆದು ಕೊಡಿ, ಪೋಚ್ ತಗೊಳ್ಳಿ. ಅಧಿಕಾರಿಗಳು 24 ಗಂಟೆಯೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು ಅನ್ನುವುದು 1993ರಿಂದ ಇರುವ ನಿರ್ದೇಶನ. ಪೋಸ್ಟ್‌ಮಾರ್ಟಂ ವಿಡಿಯೊ ಆಗಿದೆಯಾ ಅಂತ ಕೇಳಿ. ಸಿಸಿಟಿವಿ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಹಾಗಾಗಿ ಇಂಥ ದಿನದಿಂದ ಇಂಥ ದಿನದವರೆಗಿನ ದೃಶ್ಯ ಅಳಿಸಬೇಡಿ ಅನ್ನುವ ಕಾಗದ ಎಲ್ಲಕ್ಕಿಂತ ಮೊದಲು ಹೋಗಲಿ. ಖಾಲಿ ಹಾಳೆಗೆ, ಓದಲು ಬಾರದ ಮರಾಠಿ ಹೇಳಿಕೆಗೆ ಸಹಿ ಹಾಕಬೇಡಿ. ಮೃತದೇಹ ಊರಿಗೆ ಒಯ್ಯುವ ಅವಸರದಲ್ಲಿ "ನಮ್ಮದೇನೂ ತಕರಾರಿಲ್ಲ" ಅಂತ ಸಹಿ ಹಾಕಿ ಬಂದ ಮನೆಗಳನ್ನು ಕಂಡಿದ್ದೇನೆ. ಆಮೇಲೆ ಅದನ್ನು ಬಿಡಿಸಲು ವರ್ಷಗಳೇ ಹಿಡಿಯುತ್ತವೆ.

ಈಗ ಹೊಣೆ ಯಾರದ್ದು?

ಸರ್ಕಾರದ್ದು, ಮೊದಲು. ಕೈದಿ ತನ್ನ ಡಾಕ್ಟರನ್ನು ತಾನೇ ಹುಡುಕಿಕೊಳ್ಳಲಾರ, ಬಾಗಿಲು ತೆಗೆದು ಹೋಗಲಾರ. ಒಳಗೆ ಇಟ್ಟವರೇ ಕಾಯಬೇಕು. ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತು: ಕಸ್ಟಡಿಯಲ್ಲಿ ಬದುಕುವ ಹಕ್ಕು ಮುರಿದರೆ ಸರ್ಕಾರ ಪರಿಹಾರ ಕೊಡಬೇಕು, ತಾನು ಸಾರ್ವಭೌಮ ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ. 1,382 ಜೈಲುಗಳ ಅಮಾನವೀಯ ಸ್ಥಿತಿಯ ಬಗ್ಗೆ 2017ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು ಇನ್ನೂ ಮುಂದೆ ಹೋಯಿತು. 2012ರಿಂದ 2015ರವರೆಗೆ ಅಸಹಜವಾಗಿ ಸತ್ತ ಕೈದಿಗಳ ಮನೆಯವರನ್ನು ಹುಡುಕಿ ಪರಿಹಾರ ಕೊಡಿಸಿ ಅಂತ ಹೈಕೋರ್ಟುಗಳಿಗೆ ಹೇಳಿತು. ಸಕಾಲಕ್ಕೆ ವೈದ್ಯರು ಸಿಗದೆ ಸತ್ತರೆ ಅದನ್ನು ಸಹಜ ಸಾವು ಅನ್ನಬೇಕಾ ಅಂತಲೂ ಕೇಳಿತು. ಆಮೇಲೆ 2023ರಲ್ಲಿ ಮಾನವ ಹಕ್ಕುಗಳ ಆಯೋಗ ಜೈಲು ಆತ್ಮಹತ್ಯೆ ತಡೆಯುವ ಬಗ್ಗೆಯೇ ಸಲಹೆ ಹೊರಡಿಸಿತು: ಬಂದ ಕೂಡಲೇ ಮಾನಸಿಕ ತಪಾಸಣೆ, ಖಾಲಿ ಹುದ್ದೆಗಳ ಭರ್ತಿ, ಸಿಬ್ಬಂದಿಗೆ ತರಬೇತಿ, ಅಪಾಯದಲ್ಲಿರುವವರನ್ನು ಗುರುತಿಸಲು ಆಯ್ದ ಕೈದಿಗಳಿಗೂ ತರಬೇತಿ. ನಿಮ್ಮ ಜೈಲಿನಲ್ಲಿ ಇದರಲ್ಲಿ ಯಾವುದು ನಡೆದಿತ್ತು ಅಂತ ಆರ್‌ಟಿಐನಲ್ಲಿ ಕೇಳಬಹುದು. ಜೀವ, ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು. ಆದ್ದರಿಂದ ಬದುಕಿರುವಾಗಲೇ ಚಿಕಿತ್ಸೆಯ ಬಗ್ಗೆ ಕೇಳಲೂ ಇದು ಒಳ್ಳೆ ಅಸ್ತ್ರ.

ಡಾಕ್ಟರನ್ನು, ಜೈಲರ್‌ನನ್ನು ಒಳಗೆ ಹಾಕಿಸಬೇಕು ಅಂತ ಸಿಟ್ಟು ಬರುತ್ತದೆ. ಬಿಎನ್‌ಎಸ್ 106, ನಿರ್ಲಕ್ಷ್ಯದಿಂದ ಸಾವು, ಆ ಕಲಂ ಇದೆ. ಆದರೆ ವೈದ್ಯರ ವಿಷಯದಲ್ಲಿ ಜೇಕಬ್ ಮ್ಯಾಥ್ಯೂ ತೀರ್ಪು (2005) ಬಹಳ ಎತ್ತರದ ಗೋಡೆ ಕಟ್ಟಿದೆ. ಸಾಧಾರಣ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ತೋರಿಸಬೇಕು. ನೂರಾರು ಕೈದಿಗಳನ್ನು ಒಬ್ಬರೇ ನೋಡುವ ಡಾಕ್ಟರನ್ನು ಬಲಿ ಹಾಕಿ ಸರ್ಕಾರ ಕೈ ತೊಳೆದುಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ. ಗ್ರಾಹಕ ಕೋರ್ಟಿಗೆ ಹೋಗುವವರೂ ಇದ್ದಾರೆ, ಸಮಯ ವ್ಯರ್ಥ. ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ ಅಲ್ಲಿಗೆ ಬರುವುದಿಲ್ಲ.

ಸರಿಯಾದ ಬಾಗಿಲು ಬಾಂಬೆ ಹೈಕೋರ್ಟಿನ ರಿಟ್ ಅರ್ಜಿ. ಪುಣೆಯವರಿಗೂ ಮುಂಬೈಯೇ, ಗೋವಾದವರಿಗೆ ಪರ್ವರಿಯ ಪೀಠ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಒಂದು ವರ್ಷದೊಳಗೆ. ಸಿವಿಲ್ ದಾವೆ ಹಾಕುವುದಾದರೆ ಸಾವಿನಿಂದ ಎರಡು ವರ್ಷದೊಳಗೆ, ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಮೊದಲೇ ಕೊಟ್ಟು.

ಮಹಾರಾಷ್ಟ್ರ ಸಂಪುಟ 2025ರ ಏಪ್ರಿಲ್‌ನಲ್ಲಿ ಪರಿಹಾರದ ನೀತಿಯೊಂದನ್ನು ಒಪ್ಪಿತು. ವೈದ್ಯಕೀಯ ನಿರ್ಲಕ್ಷ್ಯ, ಹೊಡೆತ, ಕೆಲಸದ ಅಪಘಾತದಂಥ ಸಾವಿಗೆ 5 ಲಕ್ಷ, ಆತ್ಮಹತ್ಯೆಗೆ 1 ಲಕ್ಷ. ಈ ನಾಲ್ಕು ಲಕ್ಷದ ಅಂತರ ನೋಡಿ. ಚಿಕಿತ್ಸೆ ನಿಲ್ಲಿಸಿದ್ದರಿಂದಲೇ ಜೀವ ತೆಗೆದುಕೊಂಡರೆ ಅದು ಆತ್ಮಹತ್ಯೆಯಾ, ವೈದ್ಯಕೀಯ ನಿರ್ಲಕ್ಷ್ಯವಾ? ನನಗೆ ಕೇಳಿದರೆ ಎರಡನೆಯದು. ಆದರೆ ಹಾಗಂತ ವಾದಿಸಲು ಕೈಯಲ್ಲಿ ಕಾಗದ ಬೇಕು. ಮಾತ್ರೆಯ ಹೆಸರು, ತಾರೀಖು, ಸಿಕ್ಕಾ. 1 ಲಕ್ಷಕ್ಕೆ ಸಹಿ ಮಾಡುವ ಮುಂಚೆ ವಕೀಲರನ್ನು ಕೇಳಿ.

ಹೊರಗೆ ಬಂದ ದಿನ

ಕಾಕಾನ ಹುಡುಗನಿಗೆ ಸಿಕ್ಕಾ ಬಿದ್ದ ಕಾಗದ ಹೋದ ಮೂರನೇ ದಿನ ಜೈಲಿನ ಆಸ್ಪತ್ರೆಯಿಂದ ಕರೆ ಬಂತು. ಹೊರಗಿನ ಮಾತ್ರೆ ಕೊನೆಗೂ ತಗೊಳ್ಳಲಿಲ್ಲ, ಆದರೆ ಅದೇ ಔಷಧಿಯನ್ನು ಅವರೇ ತರಿಸಿ ಕೊಟ್ಟರು. ಏಳು ವಾರಕ್ಕೆ ಜಾಮೀನಾಯಿತು.

ಬಿಡುಗಡೆಯ ನಂತರದ ಮೊದಲ ವಾರಗಳೂ ಅಪಾಯದವೇ. ಕೆಲಸ ಹೋಗಿರುತ್ತದೆ, ಖೋಲಿಯ ಮಾಲೀಕ ಬೀಗ ಬದಲಾಯಿಸಿರುತ್ತಾನೆ, ಊರಿನಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಗೇಟಿನಿಂದ ಹೊರಬರುವಾಗಲೇ ಜೈಲಿನ ಆಸ್ಪತ್ರೆಯಿಂದ ಔಷಧಿ ಚೀಟಿ ಕೇಳಿ ಪಡೆಯಿರಿ, ಯಾವ ಮಾತ್ರೆ ಯಾವಾಗ ಬದಲಾಯಿಸಿದರು ಅಂತ ಬರೆಸಿಕೊಳ್ಳಿ. ಒಂದು ವಾರದೊಳಗೆ ಡಾಕ್ಟರ ಭೇಟಿ ಗೊತ್ತುಮಾಡಿ. ಇನ್ನು ಕೆಲವು ದಿನ ಒಬ್ಬರೇ ಮಲಗಲು ಬಿಡಬೇಡಿ. ಸೊಲ್ಲಾಪುರದ ಗಾಡಿ ಹತ್ತುವ ಮುಂಚೆ ಕಾಕಾ ಹಳೆ ಚೀಟಿ, ಹೊಸ ಚೀಟಿ, ಸಿಕ್ಕಾ ಬಿದ್ದ ಕಾಗದ ಮೂರನ್ನೂ ಅದೇ ಔಷಧಿ ಅಂಗಡಿಯ ಕವರಿನಲ್ಲಿ ಹಾಕಿ, ಅಂಗಿಯ ಒಳಜೇಬಿಗೆ ಸೇರಿಸಿದರು.